ಸೂಪರ್‌ಲೆಜ್ಜೇರಾ: ಹಗುರವೇ ಬಲ, ಹಗುರವೇ ಮಿತಿ

ಜೇಮ್ಸ್ ಬಾಂಡ್ ಚಿತ್ರಗಳ ಹುಚ್ಚಿರುವವರಿಗೆ ಆಸ್ಟನ್ ಮಾರ್ಟಿನ್ ಡಿಬಿ5 ಕಾರು ಗೊತ್ತೇ ಇರುತ್ತೆ. ಅದರ ಬಾನೆಟ್ ಮೇಲೆ ಸಣ್ಣಗೆ 'ಸೂಪರ್‌ಲೆಜ್ಜೇರಾ' ಅಂತ ಬರೆದಿರುತ್ತೆ. ಬಹಳ ದಿನ ನಾನು ಅದನ್ನ ಯಾವುದೋ ಮಾಡೆಲ್ ಹೆಸರು ಅಂದುಕೊಂಡಿದ್ದೆ. ಇಟಾಲಿಯನ್ ಭಾಷೆಯಲ್ಲಿ ಅದರರ್ಥ 'ಅತಿ ಹಗುರ'. ಇಂಗ್ಲೆಂಡಿನ ಕಾರಿನ ಮೇಲೆ ಇಟಲಿಯ ಪದ ಯಾಕೆ ಅಂತ ಹುಡುಕುತ್ತಾ ಹೋದವನು ಮಿಲಾನ್ ನಗರದ ಒಂದು ಪುಟ್ಟ ಕಂಪನಿಗೆ ಹೋಗಿ ಮುಟ್ಟಿದೆ. ಹೆಸರು ಕರೊಟ್ಸೇರಿಯಾ ಟೂರಿಂಗ್.

ಮೊದಲು ಇವರ ಕಸುಬು ಏನು ಅಂತ ಹೇಳಿಬಿಡ್ತೀನಿ. ನಮ್ಮಲ್ಲಿ ಲಾರಿಯ ಚಾಸಿ ತಂದು ಬೇರೆ ಕಡೆ ಬಾಡಿ ಕಟ್ಟಿಸ್ತಾರಲ್ಲ, ಹಾಗೆಯೇ ಆಗ ದುಬಾರಿ ಕಾರುಗಳಿಗೂ ಮಾಡುತ್ತಿದ್ದರು. ಎಂಜಿನ್, ಚಕ್ರ ಇರುವ ಚಾಸಿಯನ್ನು ಆಲ್ಫಾ ರೋಮಿಯೋದಂಥ ಕಂಪನಿಯಿಂದ ಕೊಳ್ಳೋದು, ಮೇಲಿನ ಬಾಡಿಯನ್ನು ತಮಗೆ ಬೇಕಾದವರ ಹತ್ತಿರ ಕಟ್ಟಿಸೋದು. ಇಟಲಿಯಲ್ಲಿ ಇಂಥ ಬಾಡಿ ಕಟ್ಟುವ ಅಂಗಡಿಗೇ ಕರೊಟ್ಸೇರಿಯಾ ಅನ್ನೋದು.

1926ರಲ್ಲಿ ಫೆಲೀಚೆ ಬಿಯಾಂಕಿ ಅಂದೆರ್ಲೋನಿ ಮತ್ತು ಗಯೆತಾನೊ ಪೊಂಝೋನಿ ಸೇರಿ, ಫಾಲ್ಕೊ ಎಂಬ ಕರೊಟ್ಸೇರಿಯಾವನ್ನು ಕೊಂಡು ಟೂರಿಂಗ್ ಶುರು ಮಾಡಿದರು. ಅಂದೆರ್ಲೋನಿ ಓದಿದ್ದು ಕಾನೂನು! ಆದರೆ ಇಸೊತ್ತಾ ಫ್ರಾಸ್ಕೀನಿ ಕಂಪನಿಯಲ್ಲಿ ಕಾರುಗಳನ್ನು ಓಡಿಸಿ ಪರೀಕ್ಷೆ ಮಾಡಿದ ಅನುಭವ ಇತ್ತು. ಭಾರ ಕಡಿಮೆಯಾದಷ್ಟೂ ಅದೇ ಎಂಜಿನ್ ಹೆಚ್ಚು ಚೆನ್ನಾಗಿ ಓಡುತ್ತೆ ಅನ್ನೋದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ಶುರುವಿನಲ್ಲಿ ಅವರು ತಾವೇ ಏನನ್ನೂ ಕಂಡುಹಿಡಿಯಲಿಲ್ಲ. ವಿಮಾನ ಹಾರಿಸುತ್ತಿದ್ದ ಚಾರ್ಲ್ಸ್ ವೇಮನ್ ಎಂಬಾತನ ಪದ್ಧತಿಯನ್ನು ಲೈಸೆನ್ಸ್ ಪಡೆದು ಬಳಸಿದರು. ಅದರಲ್ಲಿ ಮರದ ಚೌಕಟ್ಟು ಕಟ್ಟಿ, ಮರಕ್ಕೆ ಮರ ಉಜ್ಜದ ಹಾಗೆ ಸಂದುಗಳಲ್ಲಿ ಲೋಹದ ಪಟ್ಟಿ ಕೂರಿಸಿ, ಮೇಲೆ ತಗಡಿನ ಬದಲು ಬಟ್ಟೆ ಹೊದಿಸುತ್ತಿದ್ದರು. ಹಗುರ, ಕಿರ್ ಕಿರ್ ಸದ್ದೂ ಇಲ್ಲ. ಆದರೆ ಬಟ್ಟೆಯಲ್ಲಿ ದುಂಡನೆಯ ತಿರುವುಗಳು ಚೆನ್ನಾಗಿ ಬರೋಲ್ಲ, ಬಿಸಿಲು ಮಳೆಗೆ ಹಾಳಾಗುತ್ತೆ. ಗಾಳಿಯನ್ನು ಸೀಳಿಕೊಂಡು ಹೋಗುವ ಆಕಾರಗಳು ಬೇಕಾದಾಗ ಬಟ್ಟೆ ಸಾಲದೇ ಹೋಯಿತು.

1930ರ ದಶಕದ ನಡುವಿನಲ್ಲಿ ಅವರು ಕಂಡುಕೊಂಡ ಉತ್ತರವೇ ಸೂಪರ್‌ಲೆಜ್ಜೇರಾ. ಮರದ ಜಾಗದಲ್ಲಿ ಸಣ್ಣ ವ್ಯಾಸದ ಉಕ್ಕಿನ ಕೊಳವೆಗಳು. ಅವನ್ನು ಕಾರಿನ ಆಕಾರಕ್ಕೇ ಬಗ್ಗಿಸಿ, ವೆಲ್ಡ್ ಮಾಡಿ ಪಂಜರದ ಹಾಗೆ ಕಟ್ಟೋದು. ಮೇಲೆ ಕೈಯಲ್ಲಿ ಬಡಿದು ತಿದ್ದಿದ ತೆಳು ಅಲ್ಯೂಮಿನಿಯಂ ತಗಡು. ಒಂದೇ ತೂಕದ ಗಟ್ಟಿ ಸಲಾಕೆಗಿಂತ ಟೊಳ್ಳು ಕೊಳವೆ ಬಾಗೋದು ಕಡಿಮೆ ಅಂತ ಎಂಜಿನಿಯರಿಂಗ್‌ನಲ್ಲಿ ನಾವು ಉರು ಹೊಡೆದಿದ್ದೆವಲ್ಲ, ಅದು ಇಲ್ಲಿ ಕಣ್ಣಿಗೆ ಕಾಣುತ್ತೆ. ಉಕ್ಕು ಮತ್ತು ಅಲ್ಯೂಮಿನಿಯಂ ನೇರ ತಾಗಿದರೆ, ತೇವ ಸೇರಿ ಅಲ್ಯೂಮಿನಿಯಂ ಸವೆಯುತ್ತೆ. ಅದಕ್ಕೆ ನಡುವೆ ಬಟ್ಟೆಯ ಪಟ್ಟಿ! ಹೊರಗೆ ಹೋಗಿದ್ದ ಬಟ್ಟೆ ಹೀಗೆ ಒಳಗೆ ಬಂತು.

ಫಲ ಬೇಗ ಸಿಕ್ಕಿತು. 1938ರ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಬಿಯೊಂದೆತ್ತಿ ಮತ್ತು ಸ್ತೆಫಾನಿ ಗೆದ್ದದ್ದು ಟೂರಿಂಗ್ ಬಾಡಿಯ ಆಲ್ಫಾ ರೋಮಿಯೋ 8ಸಿ 2900ಬಿ ಕಾರಿನಲ್ಲಿ. 1940ರಲ್ಲಿ ಇನ್ನೂ ದೊಡ್ಡ ಗೆಲುವು. ಟೂರಿಂಗ್ ಕಟ್ಟಿಕೊಟ್ಟ ಬಿಎಂಡಬ್ಲ್ಯೂ 328 ಕೂಪೆ, ಬರೀ 2 ಲೀಟರ್ ಎಂಜಿನ್, ತೂಕ ಸುಮಾರು 780 ಕಿಲೋ. ಗಂಟೆಗೆ ಸರಾಸರಿ 166 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡಿ ಮೊದಲು ಬಂತು. ಎಂಜೊ ಫೆರಾರಿ ತಮ್ಮ ಸ್ವಂತ ಸಂಸ್ಥೆಯಲ್ಲಿ ಮಾಡಿದ ಮೊದಲ ಕಾರು 815 ಓಡಿದ್ದೂ ಅದೇ ರೇಸಿನಲ್ಲಿ. ಅದರ ಬಾಡಿಯೂ ಟೂರಿಂಗ್‌ದೇ. ಎರಡು ಕಾರು ಓಡಿದವು, ಎರಡೂ ಮುಗಿಸಲಿಲ್ಲ.

ಈ ಭಾಗ ಓದುವಾಗ ಮನಸ್ಸಿಗೆ ಇರಿಸುಮುರಿಸಾಯಿತು. ಆ ರೇಸು ನಡೆದದ್ದು ಏಪ್ರಿಲ್ 28ರಂದು. ಅದೇ ತಿಂಗಳು ಹಿಟ್ಲರನ ಸೈನ್ಯ ಡೆನ್ಮಾರ್ಕ್, ನಾರ್ವೆಗಳ ಮೇಲೆ ಬಿದ್ದಿತ್ತು. ಗೆದ್ದ ಫಾನ್ ಹಾನ್‌ಸ್ಟೈನ್ ಎಸ್ಎಸ್ ಗುರುತಿದ್ದ ಉಡುಪಿನಲ್ಲಿ ಕಾರು ಓಡಿಸಿದ್ದ. ಜೂನ್ 10ಕ್ಕೆ ಇಟಲಿಯೂ ಯುದ್ಧಕ್ಕಿಳಿಯಿತು. ತಗಡು ಬಡಿದವರ ಕೈಚಳಕ ಸುಳ್ಳಲ್ಲ, ಆ ಗೆಲುವನ್ನು ಯಾರು ಮೆರೆಸಿಕೊಂಡರು ಅನ್ನೋದೂ ಸುಳ್ಳಲ್ಲ.

ಯುದ್ಧ ಮುಗಿದ ಮೇಲೆ, 1948ರಲ್ಲಿ ಅಂದೆರ್ಲೋನಿ ತೀರಿಕೊಂಡರು. ಮಗ ಕಾರ್ಲೊ ಕೆಲಸ ಮುಂದುವರಿಸಿದರು. ಟೂರಿಂಗ್ ಬಾಡಿಯ ಫೆರಾರಿ 166 ಎಂಎಂ 1949ರಲ್ಲಿ ಲೆ ಮಾನ್ಸ್ ಗೆದ್ದಿತು. 1958ರಲ್ಲಿ ಆಸ್ಟನ್ ಮಾರ್ಟಿನ್ ಡಿಬಿ4 ಬಂತು, ಆಮೇಲೆ ನಮ್ಮ ಬಾಂಡ್ ಕಾರು. 1966ರಲ್ಲಿ ಕಂಪನಿ ಬಾಗಿಲು ಹಾಕಿತು!

ಕಾರಣ ಹಲವು. ದೊಡ್ಡ ಹೊಸ ಫ್ಯಾಕ್ಟರಿ ಕಟ್ಟಿದ್ದರು, ನಂಬಿದ್ದ ಆರ್ಡರುಗಳು ಕೈಕೊಟ್ಟವು. ಆದರೆ ಬುಡದಲ್ಲಿದ್ದ ಕಾರಣ ಬೇರೆ. ಅವರ ಪಂಜರ ಕೂರಬೇಕಾದರೆ ಕೆಳಗೆ ಪ್ರತ್ಯೇಕ ಚಾಸಿ ಬೇಕು. ಬಾಡಿಯೇ ಭಾರ ಹೊರುವ ಮಾನೋಕಾಕ್ ಕಾರುಗಳಲ್ಲಿ ಚಾಸಿಯೇ ಇಲ್ಲ! 1950ರಲ್ಲಿ ಫಿಯಟ್ 1400 ಹೀಗೆ ಬಂತು, ಉಳಿದವರೂ ಆ ದಾರಿ ಹಿಡಿದರು. ತಮಾಷೆ ಅಂದ್ರೆ ಇಟಲಿಯದೇ ಲಾನ್ಚಿಯಾ ಲಾಂಬ್ಡಾ 1922ರಲ್ಲೇ ಇದನ್ನು ಮಾಡಿ ತೋರಿಸಿತ್ತು. ಅಂದರೆ ಟೂರಿಂಗ್ ಹುಟ್ಟೋಕೆ ನಾಲ್ಕು ವರ್ಷ ಮೊದಲೇ ಅದನ್ನು ಮುಗಿಸುವ ವಿದ್ಯೆ ಪಕ್ಕದ ತೂರಿನ್ ನಗರದಲ್ಲಿ ರಸ್ತೆಗಿಳಿದಿತ್ತು.

2006ರಲ್ಲಿ ಬೇರೆಯವರು ಆ ಹೆಸರಿಗೆ ಮತ್ತೆ ಜೀವ ಕೊಟ್ಟರು. ಆದರೆ ನನ್ನನ್ನು ಕಾಡೋದು ಹಳೆಯ ಕಥೆಯೇ. ನಾನೂ ದಿನವಿಡೀ ಬೇರೆ ಯಾರೋ ಮಾಡಿದ ಪ್ಲಾಟ್‌ಫಾರ್ಮ್ ಮೇಲೆ ಕೋಡ್ ಕಟ್ಟುವವನು. ಎಷ್ಟೇ ಚೆನ್ನಾಗಿ ಕಟ್ಟಿದರೂ, ಕೆಳಗಿನ ಚಾಸಿ ನಮ್ಮದಲ್ಲ ಅಲ್ವಾ?