ಒಂದು ಮಾರು ಸಮಾಧಾನ

ಶಹಾಪುರದ ಬಸ್ ನಿಲ್ದಾಣದಲ್ಲಿ ಸುರಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು ಫೋನಿನಲ್ಲಿ ಹೇಳುತ್ತಿದ್ದಳು: "ಪಾಸ್ಟರ್ ಬಂದು ಪ್ರೇಯರ್ ಮಾಡಿ ಹೋಗ್ಯಾರ ಯಕ್ಕಾ. ಈಗ ಮನ್ಯಾಗ ಪೀಸ್ ಅದ ನೋಡು." ಹೊಸದಾಗಿ ಬಾಡಿಗೆ ಮನೆ ಹೊಕ್ಕವಳು ಎಂದು ಮಾತಿನಿಂದ ತಿಳಿಯಿತು. ಅವಳ ದನಿಯಲ್ಲಿದ್ದ ನಿರಾಳ ಕೇಳಿ ಸಂತೋಷವಾಯಿತು. ಆ ಪದ ಮಾತ್ರ ಚುಚ್ಚಿತು. ಪೀಸ್ ಅಂದರೆ ನಮ್ಮ ಕಡೆ ತುಂಡು. ಅರಿವೆ ಅಂಗಡಿಯಲ್ಲಿ ಜಂಪರ್ ಪೀಸು, ತಾಟಿನಲ್ಲಿ ಮಟನ್ ಪೀಸು. ಹರಿದದ್ದಕ್ಕೂ ಕಡಿದದ್ದಕ್ಕೂ ಇರುವ ಹೆಸರನ್ನು ಕೂಡಿಸುವುದಕ್ಕೆ ಯಾಕೆ ಇಡಬೇಕು, ಬಾಯಲ್ಲಿ 'ಸಮಾಧಾನ' ಇರುವಾಗ?

ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ. ಮುಂದೆ ತಿದ್ದುತ್ತ ಬಂದ ಕನ್ನಡ ಬೈಬಲಿನಲ್ಲಿ ಯೆಶಾಯನ ಪುಸ್ತಕಕ್ಕೆ ಬಂದರೆ 'ಸಮಾಧಾನದ ಪ್ರಭು' ಎಂಬ ಬಿರುದು ಸಿಗುತ್ತದೆ. ನಮ್ಮ ಯಾದಗಿರಿ ಸೀಮೆಯ ಮೆಥಡಿಸ್ಟ್ ಸಭೆಗಳ ಪ್ರಾರ್ಥನೆಯಲ್ಲಿ ಈ ಪದವೇ ಹಾಸುಹೊಕ್ಕು. ಕಥೋಲಿಕರು ಪೂಜೆಯಲ್ಲಿ 'ಶಾಂತಿ' ಎನ್ನುತ್ತಾರೆ. ಅದೂ ಒಳ್ಳೆಯ ಮಾತೇ. ಆದರೂ ನನ್ನ ಓಟು ಸಮಾಧಾನಕ್ಕೆ, ಅದಕ್ಕೆ ಕಾರಣವಿದೆ. ಅಳುವ ಕೂಸನ್ನು ತಾಯಿ ಸಮಾಧಾನ ಮಾಡುತ್ತಾಳೆ. ಶಾಂತಿ ಮಾಡಿಸುವುದು ಗ್ರಹಗಳಿಗೆ. ಪಂಡಿತರ ವಾದದಲ್ಲಿ ಆಕ್ಷೇಪಕ್ಕೆ ಕೊಡುವ ಉತ್ತರಕ್ಕೂ ಸಮಾಧಾನ ಎಂದೇ ಹೆಸರು. ಒಬ್ಬರು ಕೇಳಬೇಕು, ಇನ್ನೊಬ್ಬರು ಓಗೊಡಬೇಕು, ಆಗ ಅದು ಹುಟ್ಟುತ್ತದೆ. ಪ್ರಾರ್ಥನೆ ಮಾಡುವವರು ಹುಡುಕುವುದು ಇದನ್ನೇ ಅಲ್ಲವೇ? ಅನುವಾದ ಮಾಡಿದವರ ಕಿವಿಗೆ ಈ ಓಗೊಡುವ ದನಿ ಕೇಳಿಸಿಯೇ ಈ ಪದವನ್ನು ಹಿಡಿದರು ಎಂಬುದು ನನ್ನ ನಂಬಿಕೆ.

ಈಗಿನವರು ಆ ಪದವನ್ನು ಎಲ್ಲಿಗೆ ಇಳಿಸಿದ್ದಾರೆ ನೋಡಿ. ಓಟದಲ್ಲಿ ನಾಲ್ಕನೆಯವನಾಗಿ ಬಂದ ಹುಡುಗನ ಕೈಗೆ ಸ್ಟೀಲಿನ ಲೋಟ ಕೊಟ್ಟು 'ಸಮಾಧಾನಕರ ಬಹುಮಾನ' ಎನ್ನುತ್ತಾರೆ. ಸೋತವರ ಪಾಲಿನ ಪದವಾಗಿಬಿಟ್ಟಿದೆ. ಶಾಂತಿಯ ಗತಿಯೂ ಅಷ್ಟೇ: ಹಬ್ಬ ಹತ್ತಿರ ಬಂದಾಗ ಪೊಲೀಸ್ ಠಾಣೆಯಲ್ಲಿ 'ಶಾಂತಿ ಸಭೆ'. ಎರಡೂ ಮನೆಯ ಮಾತುಗಳು. ಮನೆ ಬಿಟ್ಟು ಹೋದ ಮೇಲೆ ಬಡವಾಗಿವೆ.

ಮನೆ ಎಂದಾಗ ನನಗೆ 'ಮನೆ ಗೆದ್ದು ಮಾರು ಗೆಲ್ಲು' ಎಂಬ ಗಾದೆ ನೆನಪಾಗುತ್ತದೆ. ಮಾರು ಅಂದರೆ ಪೇಟೆ, ಹೊರಗಿನ ಲೋಕ ಎಂದು ಅರ್ಥ ಹೇಳುವುದುಂಟು. ನಾನು ಒಪ್ಪುವುದಿಲ್ಲ. ನನ್ನ ಪಾಲಿಗೆ ಇಲ್ಲಿ ಮಾರು ಅಂದರೆ ಅಳತೆ. ಎರಡೂ ಕೈ ಅಗಲಿಸಿ ನಿಂತರೆ ಈ ಬೆರಳಿನ ತುದಿಯಿಂದ ಆ ಬೆರಳಿನ ತುದಿಯವರೆಗೆ ಎಷ್ಟೋ ಅಷ್ಟು. ಬಾವಿಯ ಹಗ್ಗವನ್ನು ನಮ್ಮ ಹಿರಿಯರು ಮಾರಿನಲ್ಲೇ ಅಳೆದರು. ಹಾಗಾದರೆ ಗಾದೆ ಪೇಟೆಗೆ ಹೋಗು ಎನ್ನುವುದಿಲ್ಲ. ಮನೆ ಗೆದ್ದ ಮೇಲೆ ಕೈ ಚಾಚಿದಷ್ಟು ದೂರವನ್ನು ಗೆಲ್ಲು ಎನ್ನುತ್ತದೆ. ಕೈ ಚಾಚಿದರೆ ಸಿಗುವುದು ನೆರೆಮನೆಯ ಗೋಡೆ.

ನಮ್ಮ ಆಯಿ ಇದನ್ನು ನನಗೆ ಕಣ್ಣೆದುರೇ ತೋರಿಸಿದಳು. ನನಗಾಗ ಹತ್ತು ವರ್ಷ. ಸೋರುತ್ತಿದ್ದ ಮಾಳಿಗೆಯನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿದ್ದೆವು; ಅಂದು ಮನೆ ಪ್ರಾರ್ಥನೆ. ಜಮಖಾನೆ ಹಾಸಿತ್ತು, ಸುಸಲಾ-ಮಿರ್ಚಿ ತಯಾರಾಗಿತ್ತು, ಪಾಸ್ಟರು ಪುಸ್ತಕ ತೆರೆದಿದ್ದರು. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯ. ಶಿಷ್ಯರು ಯಾವ ಮನೆಗೆ ಕಾಲಿಟ್ಟರೂ ಮೊದಲು ಆ ಮನೆಗೆ ಒಳಿತನ್ನು ಹಾರೈಸಬೇಕು. ಅದಕ್ಕೆ ತಕ್ಕವರು ಒಳಗಿದ್ದರೆ ಆ ಹಾರೈಕೆ ಅಲ್ಲೇ ನೆಲೆ ನಿಲ್ಲುತ್ತದೆ, ಇಲ್ಲದಿದ್ದರೆ ಹಾರೈಸಿದವರಿಗೇ ಮರಳಿ ಬರುತ್ತದೆ. ಅಷ್ಟು ಕೇಳಿದ್ದೇ ಆಯಿ ಎದ್ದು ನಿಂತಳು. "ತಡೀರಿ ಪಾಸ್ಟರ್ ಸಾಹೇಬ್ರ, ಸ್ವಲ್ಪ ಹೋಗಿ ಬರ್ತೀನ್ರಿ" ಎಂದು ಸೆರಗು ಹೊದ್ದು ಹೊರಗೆ ನಡೆದಳು.

ಬಚ್ಚಲ ನೀರಿನ ಜಗಳಕ್ಕೆ ಪಕ್ಕದ ಮನೆಯವರೊಂದಿಗೆ ಎರಡು ವರ್ಷದಿಂದ ಮಾತಿರಲಿಲ್ಲ. ಆಯಿ ಅವರ ಬಾಗಿಲಲ್ಲಿ ಏನು ಹೇಳಿದಳೋ ಕೇಳಿಸಲಿಲ್ಲ. ಕಾಣಿಸಿದ್ದಿಷ್ಟು: ಆ ಮನೆಯ ಯಜಮಾನಿತಿ ಮೊದಲು ಅತ್ತಳು, ಆಮೇಲೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಆಯಿಯ ಹಿಂದೆಯೇ ಬಂದಳು. ಅವರು ಲಿಂಗಾಯತರು. ಆದರೂ ಅವಳು ನಮ್ಮ ಜಮಖಾನೆಯ ಮೇಲೆ ಕೂತು, ಪ್ರಾರ್ಥನೆ ಮುಗಿಯುವವರೆಗೂ ತಲೆ ಮೇಲೆ ಸೆರಗು ಹೊದ್ದುಕೊಂಡಿದ್ದಳು. ಕಾಣಿಕೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂಬ ಮಾತು ಮತ್ತಾಯನ ಐದನೆಯ ಅಧ್ಯಾಯದಲ್ಲಿದೆ. ಓದು ಬಾರದ ಆಯಿ ಅದನ್ನು ನಡೆದು ತೋರಿಸಿದ್ದಳು. ಮರುವಾರ ನಮ್ಮಪ್ಪ ಆ ಬಚ್ಚಲಿಗೆ ಪೈಪು ಹಾಕಿಸಿದ.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಬಂಗಲೆ ನೋಡಿದಾಗಲೆಲ್ಲ, ನೆರೆಹೊರೆಯವರ ನಡುವೆ ಹುಟ್ಟದ ಸಮಾಧಾನ ಎಷ್ಟು ದಿನ ಉಳಿದೀತು ಎಂಬ ಯೋಚನೆ. ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಅರಮನೆಯ ಕಲಹಗಳನ್ನು ಹತೋಟಿಗೆ ತಂದ. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಐದೇ ವರ್ಷಕ್ಕೆ, 1858ರಲ್ಲಿ, ಆ ರಾಜ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಪ್ರಾಣ ಕಳೆದುಕೊಂಡ. ಟೇಲರನ ಪ್ರೀತಿ ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಧಿಕಾರ ತಂದಿಟ್ಟ ಸಮಾಧಾನ ಅಧಿಕಾರಿಯ ಹಿಂದೆಯೇ ಊರು ಬಿಟ್ಟಿತು.

ಮಾರಿನಳತೆಯ ಸಮಾಧಾನವನ್ನು ನಾನು ಮತ್ತೆ ಕಂಡದ್ದು ಊರಿನಿಂದ ದೂರದಲ್ಲಿ. ನಮ್ಮ ಜಿಲ್ಲೆಯ ಜನ ಇವತ್ತಿಗೂ ದುಡಿಯಲು ಗುಳೆ ಹೋಗುತ್ತಾರೆ. ಬೆಂಗಳೂರಿನಲ್ಲಿ, ಕಟ್ಟುವ ಕಟ್ಟಡದ ಪಕ್ಕ, ತಗಡಿನ ಶೆಡ್ಡಿನಲ್ಲಿ ಸಂಸಾರ. ಅಂಥ ಒಂದು ಶೆಡ್ಡಿನಲ್ಲಿ ರಾತ್ರಿ ಪ್ರಾರ್ಥನೆಗೆ ಕೂತಿದ್ದೇನೆ. ಎದ್ದು ಕೈ ಅಗಲಿಸಿದರೆ ಎರಡೂ ಕಡೆ ತಗಡು ತಾಗುತ್ತಿತ್ತು. ಇಡೀ ಮನೆಯೇ ಒಂದು ಮಾರು. ಆಚೆ ಶೆಡ್ಡಿನವನ ಕೆಮ್ಮು ಈಚೆ ಕೇಳುತ್ತಿತ್ತು. ಮನೆಯಾಕೆ ಪ್ರಾರ್ಥನೆಯಲ್ಲಿ ಆ ಕೆಮ್ಮುವವನ ಹೆಸರನ್ನೂ ಸೇರಿಸಿದಳು.

ಸುರಪುರದ ಬಸ್ಸು ಬಂತು, ಆ ಹೆಣ್ಣುಮಗಳು ಬೇರೆ ಬಸ್ಸಿಗೆ ಹೋದಳು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತಿದ್ದೇನೆ. ಮುಂದಿನ ಮನೆ ಪ್ರಾರ್ಥನೆಗೆ ಪೀಸನ್ನು ಬಟ್ಟೆ ಅಂಗಡಿಗೇ ಬಿಟ್ಟು ಬನ್ನಿ, ಸಮಾಧಾನ ಅನ್ನಿ. ಶುರುವಾಗುವ ಮೊದಲು ಪಕ್ಕದ ಮನೆಯ ಬಾಗಿಲನ್ನೂ ಒಮ್ಮೆ ತಟ್ಟಿ.