ಖಾಲಿ ಬಿದ್ದಿರುವ ತರಂಗಾಂತರ ಯಾರದ್ದು?

ಸ್ಪೆಕ್ಟ್ರಮ್ ಅಂದಕೂಡಲೇ ನೆನಪಾಗೋದು 2ಜಿ ಹಗರಣ, ಹರಾಜು, ಸಾವಿರಾರು ಕೋಟಿ. ಆದರೆ ಒಮ್ಮೆ ಕೊಟ್ಟ ತರಂಗಾಂತರ ನಿಜಕ್ಕೂ ಬಳಕೆಯಾಗ್ತಿದೆಯಾ? ಈ ಪ್ರಶ್ನೆ ಚರ್ಚೆಗೆ ಬರೋದೇ ಅಪರೂಪ.

ಏನಿದು ಹಂಚಿ ಬಳಸುವ ಪದ್ಧತಿ?

ಹಳೇ ಪದ್ಧತಿ ಸರಳ: ಒಂದು ಬ್ಯಾಂಡ್, ಒಬ್ಬ ಹಕ್ಕುದಾರ. ಆತ ಬಳಸದಿದ್ದರೂ ಬೇರೆಯವರು ಮುಟ್ಟುವಂತಿಲ್ಲ. 1999ರಲ್ಲಿ ಜೋಸೆಫ್ ಮಿಟೋಲಾ 'ಕಾಗ್ನಿಟಿವ್ ರೇಡಿಯೊ' ಪರಿಕಲ್ಪನೆ ಮುಂದಿಟ್ಟರು. ಸುತ್ತಲಿನ ಪರಿಸ್ಥಿತಿ ಗಮನಿಸಿ ತನ್ನನ್ನು ತಾನೇ ಹೊಂದಿಸಿಕೊಳ್ಳುವ ರೇಡಿಯೊ ಇದು. ಖಾಲಿ ಚಾನೆಲ್ ಹುಡುಕಿ ಬಳಸುತ್ತೆ, ಹಕ್ಕುದಾರ ಬಂದರೆ ಜಾಗ ಬಿಡುತ್ತೆ.

ಎಲ್ಲಿ ಜಾರಿಯಲ್ಲಿದೆ?

ಅಮೆರಿಕ 2015ರಲ್ಲಿ 3550–3700 ಮೆಗಾಹರ್ಟ್ಸ್ ಬ್ಯಾಂಡಿಗೆ ಮೂರು ಹಂತದ ನಿಯಮ ತಂದಿತು. ಮೊದಲ ಹಕ್ಕು ನೌಕಾಪಡೆಯ ರೇಡಾರ್‌ನಂತಹ ಹಳೇ ಬಳಕೆದಾರರದ್ದು. ಎರಡನೆಯದು ಹರಾಜಿನಲ್ಲಿ ಕೊಂಡವರದ್ದು. ಉಳಿದ ಜಾಗ ಪ್ರಮಾಣೀಕೃತ ಉಪಕರಣ ಇರುವ ಯಾರಿಗಾದರೂ ಮುಕ್ತ. ಯಾರು, ಯಾವಾಗ, ಎಲ್ಲಿ ಅನ್ನೋದನ್ನು ಸ್ವಯಂಚಾಲಿತ ಡೇಟಾಬೇಸ್ ನಿರ್ಧರಿಸುತ್ತೆ. 2020ರಲ್ಲಿ ಲೈಸೆನ್ಸ್‌ಗಳನ್ನು ಕೌಂಟಿ ಮಟ್ಟದಲ್ಲಿ ಹರಾಜು ಹಾಕಿದ್ದರಿಂದ, ಟೆಲಿಕಾಂ ದೈತ್ಯರ ಜೊತೆಗೆ ಟ್ರ್ಯಾಕ್ಟರ್ ತಯಾರಿಸುವ ಡೀರ್ ಕಂಪನಿಯೂ ಕೊಂಡಿತು.

ನಮ್ಮಲ್ಲಿ ಏನಾಯ್ತು?

ಟಿವಿ ಪ್ರಸಾರಕ್ಕೆ ಮೀಸಲಾದ ಯುಎಚ್ಎಫ್ ಬ್ಯಾಂಡಿನ 15 ಚಾನೆಲ್‌ಗಳಲ್ಲಿ, ದೇಶದ ಬಹುತೇಕ ಕಡೆ ಕನಿಷ್ಠ 12 ಖಾಲಿ ಇವೆ ಎಂದು ಐಐಟಿ ಬಾಂಬೆ ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿದ್ದರು. ಕಾರಣ ಸರಳ: ಟವರ್ ಮೂಲಕ ಪ್ರಸಾರ ಮಾಡೋದು ದೂರದರ್ಶನ ಮಾತ್ರ; ಖಾಸಗಿ ಚಾನೆಲ್‌ಗಳು ಬರೋದು ಕೇಬಲ್, ಡಿಶ್‌ನಲ್ಲಿ. ಈ ತರಂಗಗಳು ದೂರ ಸಾಗುತ್ತವೆ, ಮರಗಿಡಗಳನ್ನೂ ದಾಟುತ್ತವೆ. ಹಳ್ಳಿ ಇಂಟರ್ನೆಟ್‌ಗೆ ಹೇಳಿ ಮಾಡಿಸಿದಂತಿವೆ. ಮಹಾರಾಷ್ಟ್ರದ ಪಾಲ್ಘರ್‌ನ ಹಳ್ಳಿಗಳಲ್ಲಿ ಪ್ರಯೋಗವೂ ನಡೆಯಿತು. ಆದರೆ ಅದು ದೇಶವ್ಯಾಪಿ ಸೇವೆಯಾಗಲಿಲ್ಲ.

ಕಾನೂನು ಏನು ಹೇಳುತ್ತೆ?

2023ರ ದೂರಸಂಪರ್ಕ ಕಾಯ್ದೆಯ ಸೆಕ್ಷನ್ 7 ಬಾಗಿಲು ತೆರೆದಿದೆ. ಮೊದಲ ಹಕ್ಕುದಾರರಿಗೆ ತೊಂದರೆಯಾಗದಂತೆ ಅದೇ ತರಂಗಾಂತರವನ್ನು ಇನ್ನೊಬ್ಬರಿಗೂ ಕೊಡಬಹುದು. ಸೂಕ್ತ ಕಾರಣವಿಲ್ಲದೆ ಬಳಸದೇ ಬಿಟ್ಟಿದ್ದರೆ, ಅವರ ವಾದ ಕೇಳಿ ವಾಪಸ್ ಪಡೆಯಬಹುದು.

ಕೋಟಿಗಟ್ಟಲೆ ಸುರಿದವರ ತಕರಾರು ಪೂರ್ತಿ ಸುಳ್ಳಲ್ಲ. ಅಡಚಣೆಯಾದರೆ ಅವರ ಗ್ರಾಹಕರ ಕರೆಗಳೇ ಕಟ್ ಆಗೋದು. ಅದಕ್ಕೇ ನಂಬಿಕೆಗೆ ಅರ್ಹವಾದ ಡೇಟಾಬೇಸ್ ಬೇಕು.

ಇದ್ಯಾಕೆ ರಾಜಕೀಯ ಪ್ರಶ್ನೆ?

ವಾಯುತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹಾಗಿದ್ದರೆ ಎರಡನೇ ಹಕ್ಕು ಮತ್ತದೇ ದೊಡ್ಡ ಕಂಪನಿಗಳಿಗೋ, ಸಣ್ಣ ಇಂಟರ್ನೆಟ್ ಸೇವೆಗಳು ಮತ್ತು ಪಂಚಾಯಿತಿಗಳಿಗೂ ಸಿಗುತ್ತೋ? ಯಾವ ಊರಲ್ಲಿ ಯಾವ ಬ್ಯಾಂಡ್ ಖಾಲಿ ಇದೆ ಅನ್ನೋ ಲೆಕ್ಕ ಜನರ ಮುಂದಿಡಿ ಎಂಬುದು ನಮ್ಮ ಮೊದಲ ಬೇಡಿಕೆಯಾಗಬೇಕು. ಖಾಲಿ ಇರೋದು ಗೊತ್ತೇ ಆಗದಿದ್ದರೆ, ಅದರಲ್ಲಿ ಪಾಲು ಕೇಳೋದಾದ್ರೂ ಹೇಗೆ?