ಪ್ಲಾಂಟರ ಗ್ರಂಥಗಳಲ್ಲಿ ಮಲೆನಾಡಿಗರ ಸ್ವಭಾವ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿತೋಟಗಳ ಚರಿತ್ರೆಯನ್ನು ಬರೆಯುವವರಿಗೆ ಐರೋಪ್ಯ ಪ್ಲಾಂಟರ ಗ್ರಂಥಗಳನ್ನು ಆಶ್ರಯಿಸದೆ ವಿಧಿಯಿಲ್ಲ. ಮೂಡಿಗೆರೆಗೆ ಹೊಂದಿಕೊಂಡ ಮಂಜರಾಬಾದಿನಲ್ಲಿ 1856ರ ಸುಮಾರಿಗೆ ತೋಟಕ್ಕೆ ಕೈಹಾಕಿದ ರಾಬರ್ಟ್ ಎಲಿಯಟ್ಟನು 1871ರಲ್ಲಿಯೂ 1894ರಲ್ಲಿಯೂ ಪ್ರಕಟಿಸಿದ ಕೃತಿಗಳು ಇವುಗಳಲ್ಲಿ ಮುಖ್ಯವಾದುವು.

ಅಲ್ಲಿನ ಗೌಡರ ನಡತೆಯನ್ನು ಎಲಿಯಟ್ಟನು ಮೆಚ್ಚಿ ಬರೆದನು. ಜಾತಿಯ ಕಟ್ಟುಪಾಡು ಜನರನ್ನು ಕುಡಿತ ಮೊದಲಾದ ದುರ್ನಡತೆಗಳಿಂದ ತಡೆಯುತ್ತದೆಂಬುದು ಆತನ ವಾದ. ಆ ವಾದಕ್ಕೆ ಗೌಡರು ಒದಗಿದ ಸಾಕ್ಷಿಗಳು. ಮೇಲಾಗಿ ಅವರು ಆತನ ನೆರೆಯವರು. ಹೊಗಳಿಕೆಯು ಸುಳ್ಳೆಂದು ನಾವು ಹೇಳುತ್ತಿಲ್ಲ. ಆತನು ಕಂಡದ್ದು ಗೌಡರನ್ನೋ ತನ್ನ ವಾದವನ್ನೋ ಎಂದು ಕೇಳದಿರುವುದು ಮಾತ್ರ ತಪ್ಪು.

ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಬಂದ ಆಳುಗಳ ಪಾಡು ಬೇರೆ. ಮುಂಗಡ ಪಡೆದು ಕೆಲಸಕ್ಕೆ ಬಾರದವನು ಸಾಮಾನ್ಯವಾಗಿ ಪ್ಲಾಂಟರ ಕಣ್ಣಿಗೆ ವಂಚಕನು; 1859ರ ಬ್ರಿಟಿಷ್ ಕಾಯಿದೆಯೂ ಅವನನ್ನು ಅಪರಾಧಿಯೆಂದೇ ಎಣಿಸಿತು. ಮಲೆನಾಡಿನ ಚಳಿಜ್ವರ, ಊರಿನ ಸಾಲ, ಮೇಸ್ತ್ರಿಯ ಕೈಯಲ್ಲಿ ಕರಗಿದ ಹಣ, ಇವಾವುವೂ ಅವನ ಸ್ವಭಾವವನ್ನು ವರ್ಣಿಸುವಾಗ ಲೆಕ್ಕಕ್ಕೆ ಬರಲಿಲ್ಲ.

ನಮ್ಮ ದೋಷವನ್ನೂ ಇಲ್ಲಿ ಹೇಳಬೇಕು. ನಾವು ಮೂಡಿಗೆರೆಯ ಕಡೆಯ ಗೌಡರ ಮನೆಯಲ್ಲಿ ಹುಟ್ಟಿದವರು. ತರಗತಿಗೆ ಟಿಪ್ಪಣಿ ಸಿದ್ಧಪಡಿಸುವಾಗ ಆಳುಗಳ ನಿಂದೆಯನ್ನು ವಸಾಹತುಗಾರರ ಪೂರ್ವಗ್ರಹವೆಂದು ತಳ್ಳಿಹಾಕಿ, ಗೌಡರ ಪ್ರಶಂಸೆಯನ್ನು ಮಾತ್ರ ಪ್ರಮಾಣವೆಂದು ಇಳಿಸಿಕೊಂಡಿದ್ದೆವು. ಎರಡೂ ಬಂಗಲೆಯ ಜಗಲಿಯಿಂದ ಕಂಡ ನೋಟಗಳೇ. ಇದನ್ನು ತೋರಿಸಿಕೊಟ್ಟವನು ಕೂಲಿಲೈನಿನಲ್ಲಿ ಬೆಳೆದ ಒಬ್ಬ ವಿದ್ಯಾರ್ಥಿ. ಆ ಪುಟವನ್ನು ಈ ವರ್ಷ ಮತ್ತೆ ಬರೆದಿದ್ದೇವೆ.